ಯಾವ ನಾಳ ಕಟ್ಟಿದರೆ ಯಾವ ಲಕ್ಷಣ? ಸ್ಟ್ರೋಕ್ ಗುರುತಿಸುವ ಬಗೆ

ಲಕ್ವ ಹೊಡೆದಿದೆ ಅಂದ ಕೂಡಲೇ ಎಲ್ಲರ ಮನಸ್ಸಿಗೂ ಬರುವುದು ಒಂದೇ ಚಿತ್ರ. ಬಾಯಿ ಸೊಟ್ಟ, ಒಂದು ಕಡೆಯ ಕೈಕಾಲು ಸ್ವಾಧೀನ ಇಲ್ಲ. ಈ ಚಿತ್ರ ತಪ್ಪಲ್ಲ. ಸ್ಟ್ರೋಕ್, ಅಂದರೆ ಮೆದುಳಿನ ರಕ್ತನಾಳ ಏಕಾಏಕಿ ಕಟ್ಟುವುದು ಅಥವಾ ಒಡೆಯುವುದು, ಆದ ತುಂಬಾ ಜನ ಹೀಗೇ ಆಸ್ಪತ್ರೆಗೆ ಬರುತ್ತಾರೆ. ಆದರೆ ಇದೊಂದನ್ನೇ ನಂಬಿಕೊಂಡರೆ ಕೈಕಾಲು ಗಟ್ಟಿಯಾಗಿಯೇ ಇರುವ ಸ್ಟ್ರೋಕ್‌ಗಳು ಕೈತಪ್ಪಿ ಹೋಗುತ್ತವೆ. ಬೆಳಗ್ಗೆ ಎದ್ದವರೇ ಅರ್ಥವಿಲ್ಲದ ಮಾತಾಡುತ್ತಿರುವ ಅಜ್ಜಿಯನ್ನು ಅರಳು ಮರಳು ಅಂತ ಮನೆಯಲ್ಲೇ ಮಲಗಿಸುತ್ತಾರೆ. ತಲೆ ಸುತ್ತಿ ವಾಂತಿ ಮಾಡಿದ ಅಪ್ಪನಿಗೆ ಪಿತ್ತ ಜಾಸ್ತಿಯಾಗಿದೆ ಅಂತ ನಿಂಬೆಹಣ್ಣಿನ ಪಾನಕ ಕೊಡುತ್ತಾರೆ. ಅರ್ಧ ದಿನ ಹಾಗೇ ಕಳೆದುಹೋಗುತ್ತದೆ.

ಮೆದುಳಿನ ಒಂದೊಂದು ಭಾಗಕ್ಕೂ ಅದರದ್ದೇ ಕೆಲಸ ಇದೆ. ಆ ಭಾಗಕ್ಕೆ ರಕ್ತ ತರುವ ನಾಳವೂ ಹೆಚ್ಚುಕಡಿಮೆ ಗೊತ್ತು. ಹಾಗಾಗಿ ಏಕಾಏಕಿ ನಿಂತುಹೋದ ಕೆಲಸ ಯಾವುದು ಅಂತ ಸರಿಯಾಗಿ ನೋಡಿದರೆ ಕಟ್ಟಿರುವ ನಾಳ ಯಾವುದು ಅಂತ ಊಹಿಸಬಹುದು. ನ್ಯೂರಾಲಜಿಸ್ಟ್‌ಗಳು ಸ್ಕ್ಯಾನ್ ತೆರೆಯುವ ಮುಂಚೆಯೇ ಈ ಲೆಕ್ಕ ಹಾಕಿರುತ್ತಾರೆ. ನರ್ಸಿಂಗ್, ಫಿಸಿಯೋಥೆರಪಿ ಓದುವವರಿಗೆ ಇದು ಪಾಠ. ಮನೆಯಲ್ಲಿ ಬಿಪಿ, ಶುಗರ್ ಇರುವ ಹಿರಿಯರಿದ್ದರೆ ನಿಮಗೂ ಬೇಕಾದ ವಿಷಯವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುವ ಪರೀಕ್ಷೆಗಳನ್ನೆಲ್ಲ ಮಾಡಿ ಮುಗಿಸಿ ಆಮೇಲೆ ಫೋನ್ ಮಾಡುವುದಲ್ಲ. ಅನುಮಾನ ಬಂದ ಕೂಡಲೇ 108ಕ್ಕೆ ಫೋನ್. ಉಳಿದದ್ದು ಆಂಬ್ಯುಲೆನ್ಸ್ ಬರುವವರೆಗೆ.

ರಕ್ತ ಬರುವ ದಾರಿ

ಮೆದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ 2. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ, ಆಯಾ ಕ್ಷಣಕ್ಕೆ ಬೇಕಾದ್ದು ಆಯಾ ಕ್ಷಣಕ್ಕೆ ಬರಬೇಕು. ಅದಕ್ಕೇ ರಕ್ತ ನಿಂತ ಕೆಲವೇ ಸೆಕೆಂಡುಗಳಲ್ಲಿ ಆ ಭಾಗದ ಕೆಲಸ ನಿಲ್ಲುತ್ತದೆ, ನಿಮಿಷಗಳಲ್ಲಿ ಜೀವಕೋಶಗಳು ಸಾಯಲು ಶುರುವಾಗುತ್ತವೆ. ದೊಡ್ಡ ನಾಳವೊಂದು ಕಟ್ಟಿದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಹೋಗುತ್ತವೆ ಅಂತ 2006ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ.

ಕುತ್ತಿಗೆಯಲ್ಲಿ ನಾಲ್ಕು ನಾಳಗಳು ಮೇಲೆ ಹೋಗುತ್ತವೆ. ಮುಂದೆ ಎಡ ಬಲ ಎರಡು ಕ್ಯಾರೊಟಿಡ್. ದವಡೆಯ ಕೆಳಗೆ ಬೆರಳಿಟ್ಟರೆ ಮಿಡಿತ ಸಿಗುತ್ತದಲ್ಲ, ಅದೇ. ಹಿಂದೆ, ಕುತ್ತಿಗೆ ಮೂಳೆಗಳ ರಂಧ್ರಗಳ ಒಳಗಿಂದ ಏರುವ ಎರಡು ವರ್ಟಿಬ್ರಲ್. ಈ ಹಿಂದಿನ ಎರಡೂ ತಲೆಬುರುಡೆಯ ಒಳಗೆ ಸೇರಿ ಒಂದೇ ನಾಳ ಆಗುತ್ತವೆ, ಅದರ ಹೆಸರು ಬೇಸಿಲರ್. ಬೇಸಿಲರ್ ಮೆದುಳುಕಾಂಡದ (ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಭಾಗ) ಎದುರಿಗೇ ಮೇಲೇರಿ ಮತ್ತೆ ಎರಡಾಗಿ ಒಡೆಯುತ್ತದೆ. ಆ ಕವಲುಗಳಿಗೆ ಪೋಸ್ಟೀರಿಯರ್ ಸೆರೆಬ್ರಲ್ ಅಂತ ಹೆಸರು, ಚಿಕ್ಕದಾಗಿ ಪಿಸಿಎ. ಮುಂದಿನ ಕ್ಯಾರೊಟಿಡ್ ಕೂಡ ತಲೆಯೊಳಗೆ ಎರಡಾಗುತ್ತದೆ. ಎಡ ಮೆದುಳು, ಬಲ ಮೆದುಳುಗಳ ನಡುಗೆರೆಯ ಪಕ್ಕ ಹೋಗುವುದು ಆಂಟೀರಿಯರ್ ಸೆರೆಬ್ರಲ್, ಎಸಿಎ. ಪಕ್ಕಕ್ಕೆ ತಿರುಗಿ ಕಿವಿಯ ಕಡೆಗೆ ಹರಡುವುದು ಮಿಡಲ್ ಸೆರೆಬ್ರಲ್, ಎಂಸಿಎ.

ಮುಂದಿನವು ಹಿಂದಿನವು ಎಲ್ಲ ಮೆದುಳಿನ ಬುಡದಲ್ಲಿ ಸಣ್ಣ ಕೊಂಡಿಗಳಿಂದ ಒಂದು ಉಂಗುರ ಮಾಡಿಕೊಂಡಿವೆ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್ ಇದನ್ನು ಚಿತ್ರ ಸಮೇತ ವಿವರಿಸಿದ, ಹಾಗಾಗಿ ಇವತ್ತಿಗೂ ಅವನದೇ ಹೆಸರು. ಕೊಂಡಿಗಳು ಚೆನ್ನಾಗಿರುವವರಲ್ಲಿ ಕುತ್ತಿಗೆಯ ಒಂದು ಕ್ಯಾರೊಟಿಡ್ ನಿಧಾನಕ್ಕೆ ಪೂರ್ತಿ ಮುಚ್ಚಿಕೊಂಡರೂ ಏನೂ ಗೊತ್ತಾಗದೆ ಇರಬಹುದು. ಕೆಲವರಲ್ಲಿ ಈ ಉಂಗುರ ಹುಟ್ಟಿನಿಂದಲೇ ಅಪೂರ್ಣ. ಒಂದೇ ನಾಳ ಕಟ್ಟಿದ ಇಬ್ಬರಲ್ಲಿ ಒಬ್ಬರು ನಡೆದುಕೊಂಡು ಬಂದು ಇನ್ನೊಬ್ಬರು ಪ್ರಜ್ಞೆ ಇಲ್ಲದೆ ಬರುವುದಕ್ಕೆ ಇದೂ ಒಂದು ಕಾರಣ. ಮುಂದೆ ಹೇಳುವುದನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ಓದಿ.

ಮೊದಲ ಪ್ರಶ್ನೆ: ಎಡವೋ, ಬಲವೋ

ಇದು ಸುಲಭ. ಕೈಕಾಲಿಗೆ ಹೋಗುವ ನರತಂತುಗಳು ಮೆದುಳುಕಾಂಡದ ಕೆಳಭಾಗದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಹಾಗಾಗಿ ಬಲಗೈ ಬಿದ್ದರೆ ತೊಂದರೆ ಎಡ ಮೆದುಳಿನಲ್ಲಿ.

ಸಣ್ಣ ಬಲಹೀನತೆ ಸುಮ್ನೆ ನೋಡಿದರೆ ಕಾಣುವುದಿಲ್ಲ. ಎರಡೂ ಕೈ ಮುಂದೆ ಚಾಚಿಸಿ, ಅಂಗೈ ಮೇಲೆ ಮಾಡಿಸಿ, ಕಣ್ಣು ಮುಚ್ಚಿಸಿ, ಹತ್ತರವರೆಗೆ ಎಣಿಸಿ. ಬಲ ಕಡಿಮೆ ಇರುವ ಕೈ ಮೆಲ್ಲಗೆ ಒಳಕ್ಕೆ ತಿರುಗಿ ಕೆಳಗೆ ಜಾರುತ್ತದೆ. ಅವರಿಗೇ ಅದು ಗೊತ್ತಾಗುವುದಿಲ್ಲ. ನಗಲು ಹೇಳಿ, ಹಲ್ಲು ತೋರಿಸಲು ಹೇಳಿ. ಆಮೇಲೆ ಹುಬ್ಬು ಮೇಲೆತ್ತಲು ಹೇಳಿ. ಮೇಲ್ಮೆದುಳಿನ ಸ್ಟ್ರೋಕ್‌ನಲ್ಲಿ ಬಾಯಿ ಸೊಟ್ಟಗಾದರೂ ಹಣೆಯ ಗೆರೆಗಳು ಎರಡೂ ಕಡೆ ಮೂಡುತ್ತವೆ, ಯಾಕೆಂದರೆ ಹಣೆಗೆ ಎರಡೂ ಕಡೆಯ ಮೆದುಳಿನಿಂದ ಆಜ್ಞೆ ಬರುತ್ತದೆ. ಹಣೆಯೂ ಸೇರಿ ಅರ್ಧ ಮುಖವೇ ಬಿದ್ದಿದ್ದರೆ, ಕಣ್ಣು ಮುಚ್ಚಲು ಆಗದಿದ್ದರೆ ಅದು ಮುಖದ ನರದ ತೊಂದರೆ, ಅಂದರೆ ಬೆಲ್ಸ್ ಪಾಲ್ಸಿ ಇರಬಹುದು. ಇರಬಹುದು ಅಷ್ಟೇ. ಮೆದುಳುಕಾಂಡದ ಸ್ಟ್ರೋಕ್ ಕೂಡ ಕೆಲವೊಮ್ಮೆ ಹೀಗೇ ಕಾಣುತ್ತದೆ, ಅದನ್ನು ತೀರ್ಮಾನಿಸುವ ಜಾಗ ಮನೆ ಅಲ್ಲ.

ಎಂಸಿಎ: ಜಾಸ್ತಿ ಕಟ್ಟುವುದು ಇದೇ

ಹೃದಯದಿಂದ ಹೊರಟ ಹೆಪ್ಪು, ಅಥವಾ ಕುತ್ತಿಗೆಯ ಕ್ಯಾರೊಟಿಡ್‌ನಲ್ಲಿ ಕೊಬ್ಬು ಕಟ್ಟಿದ ಜಾಗದಿಂದ ಕಿತ್ತುಬಂದ ಚೂರು, ಹರಿವಿನ ಜೊತೆ ನೇರವಾಗಿ ಹೋಗಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಎಂಸಿಎಯಲ್ಲಿ. ಕ್ಯಾರೊಟಿಡ್‌ನ ಹರಿವಿನಲ್ಲಿ ದೊಡ್ಡ ಪಾಲು ಹೋಗುವುದು ಅದಕ್ಕೇ. ನಮ್ಮಲ್ಲಿ ಚಿಕ್ಕ ವಯಸ್ಸಿನಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಹಾಳಾದವರು ಇನ್ನೂ ಇದ್ದಾರೆ. ಮೂವತ್ತು, ನಲವತ್ತರ ಹೆಂಗಸರಿಗೆ ಏಕಾಏಕಿ ಲಕ್ವ ಹೊಡೆದಾಗ ಈ ಕವಾಟದ ಕಡೆಗೂ ನೋಡಬೇಕು. ಜೊತೆಗೆ ಭಾರತೀಯರಲ್ಲಿ ತಲೆಯೊಳಗಿನ ನಾಳಗಳೇ ಕೊಬ್ಬು ಕಟ್ಟಿ ಕಿರಿದಾಗುವುದು ಪಾಶ್ಚಾತ್ಯರಿಗಿಂತ ಜಾಸ್ತಿ.

ಮೆದುಳಿನ ಮೇಲ್ಮೈಯಲ್ಲಿ ದೇಹದ ನಕ್ಷೆಯೊಂದು ತಲೆಕೆಳಗಾಗಿ ಹಾಸಿಕೊಂಡಿದೆ. ಕಾಲು ನಡುಗೆರೆಯ ಒಳಬದಿಯಲ್ಲಿ, ಕೈ ಮತ್ತು ಮುಖ ಹೊರಬದಿಯಲ್ಲಿ. ಆ ಹೊರಬದಿ ಪೂರ್ತಿ ಎಂಸಿಎಯದ್ದು. ಅದಕ್ಕೇ ಈ ನಾಳದ ಸ್ಟ್ರೋಕ್‌ನಲ್ಲಿ ಮುಖ ಮತ್ತು ಕೈ ಜಾಸ್ತಿ ಬೀಳುತ್ತವೆ, ಕಾಲಿಗೆ ಸ್ವಲ್ಪ ಬಲ ಉಳಿದಿರುತ್ತದೆ. ನಾಳ ಬುಡದಲ್ಲೇ ಕಟ್ಟಿದರೆ ಮಾತ್ರ ಆಳದ ತಂತುಗಳೂ ಸೇರಿ ಕಾಲೂ ಪೂರ್ತಿ ಹೋಗುತ್ತದೆ.

ಇನ್ನೊಂದು ಗುರುತು ಕಣ್ಣು. ದೊಡ್ಡ ಎಂಸಿಎ ಸ್ಟ್ರೋಕ್ ಆದವರ ಎರಡೂ ಕಣ್ಣು ಒಂದೇ ಕಡೆ ತಿರುಗಿ ನಿಂತಿರುತ್ತವೆ, ಕೆಟ್ಟಿರುವ ಮೆದುಳಿನ ಕಡೆಗೆ, ಅಂದರೆ ಬಿದ್ದ ಕೈಗೆ ಬೆನ್ನು ಮಾಡಿ. ಎಡಗೈ ಬಿದ್ದಿದೆ, ಕಣ್ಣು ಬಲಕ್ಕೇ ನೆಟ್ಟಿದೆ ಅಂದರೆ ದೊಡ್ಡ ನಾಳವೇ ಕಟ್ಟಿದೆ ಅಂತ ಬಲವಾದ ಅನುಮಾನ ಪಡಬೇಕು. ಕ್ಯಾತಿಟರ್ (ತೆಳ್ಳನೆಯ ಕೊಳವೆ) ಹಾಕಿ ಹೆಪ್ಪು ಎಳೆದು ತೆಗೆಯುವ ಸೌಲಭ್ಯ ಇರುವ ಆಸ್ಪತ್ರೆ ಬೇಕಾಗುವುದು ಇಂಥವರಿಗೇ.

ಇಲ್ಲಿಂದ ಎಡ ಬಲದ ಕಥೆ ಬೇರೆ ಬೇರೆ.

ಬಲಗೈ ಬಳಸುವ ಬಹುಪಾಲು ಜನರಿಗೆ ಭಾಷೆ ಇರುವುದು ಎಡ ಮೆದುಳಿನಲ್ಲಿ, ಎಡಚರಲ್ಲೂ ಹೆಚ್ಚಿನವರಿಗೆ ಹಾಗೇ. 1861ರಲ್ಲಿ ಪ್ಯಾರಿಸ್‌ನ ಪಾಲ್ ಬ್ರೋಕಾ ಒಬ್ಬ ರೋಗಿಯ ಬಗ್ಗೆ ವರದಿ ಮಾಡಿದರು. ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದುದು ಹೆಚ್ಚುಕಡಿಮೆ 'ಟ್ಯಾನ್' ಅನ್ನುವ ಒಂದೇ ಶಬ್ದ. ಅವನು ತೀರಿಕೊಂಡ ಮೇಲೆ ನೋಡಿದರೆ ಎಡ ಮೆದುಳಿನ ಮುಂಭಾಗ ಕೆಟ್ಟಿತ್ತು. ಎಂಸಿಎಯ ಮೇಲಿನ ಕವಲು ರಕ್ತ ಕೊಡುವುದು ಈ ಜಾಗಕ್ಕೆ. ಅದು ಕಟ್ಟಿದರೆ ಮಾತು ತಡವರಿಸುತ್ತದೆ, ವಾಕ್ಯ ಒಡೆಯುತ್ತದೆ. ಕನ್ನಡದಲ್ಲಿ ಇದು ಎದ್ದು ಕಾಣುತ್ತದೆ, ಯಾಕೆಂದರೆ ನಮ್ಮ ಭಾಷೆಯ ಅರ್ಧ ಕೆಲಸ ಪದಗಳ ಬಾಲದಲ್ಲಿದೆ. 'ಮಗ ಅಂಗಡಿಗೆ ಹೋಗಿದ್ದಾನೆ' ಅನ್ನಬೇಕಾದವರು 'ಮಗ... ಅಂಗಡಿ... ಹೋ...' ಅಂತ ನಿಲ್ಲುತ್ತಾರೆ. 'ಗೆ' ಹೋಯಿತು, 'ಇದ್ದಾನೆ' ಹೋಯಿತು. ಹೇಳಬೇಕಾದ್ದು ತಲೆಯಲ್ಲಿದೆ, ಬಾಯಿಗೆ ಬರುತ್ತಿಲ್ಲ, ಅದು ಅವರಿಗೂ ಗೊತ್ತು. ಸಿಟ್ಟು ಬರುತ್ತದೆ, ಅಳು ಬರುತ್ತದೆ. ದಯವಿಟ್ಟು ಅವರ ಎದುರಿಗೆ 'ಇವರಿಗೆ ಏನೂ ಅರ್ಥ ಆಗಲ್ಲ' ಅನ್ನಬೇಡಿ. ಎಲ್ಲ ಅರ್ಥವಾಗುತ್ತಿರಬಹುದು.

ಕೆಳಗಿನ ಕವಲು ಕಟ್ಟಿದರೆ ಇದಕ್ಕೆ ಉಲ್ಟಾ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ವಿವರಿಸಿದ್ದು ಇದನ್ನು. ಮಾತು ಸರಾಗವಾಗಿ ಬರುತ್ತದೆ, ಏರಿಳಿತ ಸರಿಯಾಗಿದೆ, ದೂರದಿಂದ ಕೇಳಿದರೆ ಏನೋ ಜೋರಾಗಿ ಹೇಳುತ್ತಿದ್ದಾರೆ ಅನಿಸಬೇಕು. ಹತ್ತಿರ ಹೋದರೆ ಪದಗಳು ಪದಗಳೇ ಅಲ್ಲ, ಅಥವಾ ಒಂದು ಪದದ ಜಾಗದಲ್ಲಿ ಇನ್ನೊಂದು ಬರುತ್ತಿದೆ. ನಾವು ಹೇಳಿದ್ದೂ ಅವರಿಗೆ ಅರ್ಥವಾಗುತ್ತಿಲ್ಲ. ಕೈಕಾಲು ಚೆನ್ನಾಗಿವೆ, ಎದ್ದು ಓಡಾಡುತ್ತಿದ್ದಾರೆ! ಇಂಥವರೇ ಮನೋರೋಗ, ಗಾಳಿ, ದೆವ್ವ ಅಂತ ದಾರಿ ತಪ್ಪುವುದು. ಪರೀಕ್ಷೆ ಸುಲಭ. ಕೈಸನ್ನೆ ಮಾಡದೆ, ಬರೀ ಮಾತಲ್ಲಿ 'ಕಣ್ಣು ಮುಚ್ಚಿ', 'ಎಡಗೈಯಿಂದ ಕಿವಿ ಮುಟ್ಟಿ' ಅಂತ ಹೇಳಿ. ಪೆನ್ನು, ಬೀಗದ ಕೈ ತೋರಿಸಿ ಹೆಸರು ಕೇಳಿ. ನಿನ್ನೆ ರಾತ್ರಿಯವರೆಗೆ ಸರಿ ಇದ್ದವರಿಗೆ ಇವತ್ತು ಬೆಳಗ್ಗೆ ಇದು ಆಗುತ್ತಿಲ್ಲ ಅಂದರೆ ಅದು ಅರಳು ಮರಳು ಅಲ್ಲ. ಅರಳು ಮರಳು ಒಂದು ರಾತ್ರಿಯಲ್ಲಿ ಬರುವುದಿಲ್ಲ.

ಬಲ ಮೆದುಳಿನ ಎಂಸಿಎ ಕಟ್ಟಿದರೆ ಮಾತು ಸಾಮಾನ್ಯವಾಗಿ ಉಳಿಯುತ್ತದೆ, ಸ್ವಲ್ಪ ತೊದಲಬಹುದು. ಹೋಗುವುದು ಎಡಗಡೆಯ ಲೋಕ. ಕಣ್ಣು ಕಾಣುತ್ತಿದ್ದರೂ ಎಡಕ್ಕೆ ಏನಿದೆ ಅನ್ನುವ ಗಮನವೇ ಇರುವುದಿಲ್ಲ. ಬಾಳೆಎಲೆ ಹಾಕಿ ಬಡಿಸಿ ನೋಡಿ. ಎಲೆಯ ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಗೇ ಇರುತ್ತವೆ. ಬಲಗಡೆಯ ಪಲ್ಯ ಖಾಲಿ. ಅನ್ನದ ಗುಡ್ಡೆಯ ಬಲ ಅರ್ಧ ಮಾತ್ರ ಕರಗಿರುತ್ತದೆ. ಆಮೇಲೆ 'ಕೋಸಂಬರಿ ಬಡಿಸಲೇ ಇಲ್ಲ' ಅನ್ನುತ್ತಾರೆ. ಎಲೆ ತಿರುಗಿಸಿ ಇಟ್ಟರೆ ಉಳಿದದ್ದನ್ನೂ ತಿನ್ನುತ್ತಾರೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಎಷ್ಟೋ ಸಲ ಮನೆಯವರು ಇದನ್ನು ಹಠ, ಮೊಂಡುತನ ಅಂದುಕೊಳ್ಳುತ್ತಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. (ಊಟದ ಈ ಪರೀಕ್ಷೆ ಮನೆಗೆ ಬಂದ ಮೇಲಿನದು. ಸ್ಟ್ರೋಕ್ ಆದ ಹೊತ್ತಿನಲ್ಲಿ ಬಾಯಿಗೆ ಏನೂ ಹಾಕಬಾರದು.) ಕೆಲವರಿಗೆ ತಮ್ಮ ಎಡಗೈ ಬಿದ್ದಿದೆ ಅನ್ನುವುದೇ ಗೊತ್ತಾಗುವುದಿಲ್ಲ. 'ಕೈ ಎತ್ತಿ' ಅಂದರೆ 'ಎತ್ತಿದ್ದೀನಲ್ಲ' ಅನ್ನುತ್ತಾರೆ. ನೋವಿಲ್ಲ, ಮಾತು ಸರಿ ಇದೆ, ಅವರೇ 'ನನಗೇನೂ ಆಗಿಲ್ಲ' ಅನ್ನುತ್ತಾರೆ. ಆ ಮಾತು ನಂಬಿ ಕೂರಬೇಡಿ.

ಎಸಿಎ: ಕಾಲು

ನಡುಗೆರೆಯ ಒಳಬದಿ ಇದರದ್ದು. ಕಾಲಿನ ಜಾಗ ಅಲ್ಲೇ ಇರುವುದರಿಂದ ಕೈಗಿಂತ ಕಾಲು ಜಾಸ್ತಿ ಬೀಳುತ್ತದೆ, ಮುಖ ಹೆಚ್ಚುಕಡಿಮೆ ಸರಿ ಇರುತ್ತದೆ. ಮೂತ್ರ ಹಿಡಿತ ತಪ್ಪಬಹುದು. ಕೆಲವರು ಮಂಕಾಗಿಬಿಡುತ್ತಾರೆ. ಕೇಳಿದ್ದಕ್ಕೆ ಬಹಳ ಹೊತ್ತಾದ ಮೇಲೆ ಒಂದೇ ಪದದ ಉತ್ತರ, ತಾವಾಗಿ ಏನೂ ಮಾಡುವುದಿಲ್ಲ. ಈ ನಾಳದ ಸ್ಟ್ರೋಕ್ ಕಡಿಮೆ.

ಪಿಸಿಎ: ಕಣ್ಣು ಚೆನ್ನಾಗಿದೆ, ನೋಟ ಹೋಗಿದೆ

ನೋಡುವ ಕೆಲಸದ ಕೊನೆಯ ನಿಲ್ದಾಣ ತಲೆಯ ಹಿಂಭಾಗದಲ್ಲಿದೆ. ಅಲ್ಲಿಗೆ ರಕ್ತ ಕೊಡುವುದು ಪಿಸಿಎ. ಎಡ ಪಿಸಿಎ ಕಟ್ಟಿದರೆ ಎರಡೂ ಕಣ್ಣಿನಲ್ಲಿ ಬಲ ಅರ್ಧ ಕಾಣುವುದಿಲ್ಲ. ಜನ ಇದನ್ನು 'ಬಲಗಣ್ಣು ಮಂಜಾಗಿದೆ' ಅಂತಲೇ ಹೇಳುತ್ತಾರೆ, ಕನ್ನಡಕದ ಅಂಗಡಿಗೆ ಹೋಗುತ್ತಾರೆ. ಬಾಗಿಲ ಚೌಕಟ್ಟಿಗೆ ಬಲಭುಜ ತಾಗಿಸಿಕೊಳ್ಳುತ್ತಾರೆ, ಬೈಕ್ ಓಡಿಸುವಾಗ ಬಲಗಡೆಯಿಂದ ಬಂದ ಬಸ್ಸು ಕಾಣುವುದೇ ಇಲ್ಲ.

ನಿಜಕ್ಕೂ ಒಂದು ಕಣ್ಣಿನ ತೊಂದರೆಯೋ, ಮೆದುಳಿನದ್ದೋ ಅಂತ ತಿಳಿಯಲು ಒಂದೊಂದೇ ಕಣ್ಣು ಮುಚ್ಚಿಸಿ. ಬಲಗಣ್ಣು ಮುಚ್ಚಿದ ಮೇಲೆ ಎಡಗಣ್ಣಿಗೆ ಪೂರ್ತಿ ಕಂಡರೆ ತೊಂದರೆ ಬಲಗಣ್ಣಿನದು. ಎಡಗಣ್ಣಿಗೂ ಅದೇ ಬಲ ಅರ್ಧ ಕಾಣದಿದ್ದರೆ ತೊಂದರೆ ಅದಕ್ಕಿಂತ ಹಿಂದೆ ಇದೆ.

ಹಾಗಂತ ಒಂದೇ ಕಣ್ಣಿಗೆ ಕತ್ತಲೆ ಬಂದರೆ ಸುಮ್ಮನಿರಬಹುದು ಅಂತಲ್ಲ. ಪರದೆ ಎಳೆದ ಹಾಗೆ ಒಂದು ಕಣ್ಣು ಕತ್ತಲಾಗಿ ಕೆಲವೇ ನಿಮಿಷಗಳಲ್ಲಿ ತಿರುಗಿ ಬಂದರೆ ಅದೇ ಕಡೆಯ ಕುತ್ತಿಗೆಯ ಕ್ಯಾರೊಟಿಡ್ ಕಿರಿದಾಗಿರುವ ಸೂಚನೆ ಇರಬಹುದು, ಯಾಕೆಂದರೆ ಕಣ್ಣಿನ ನಾಳ ಹೊರಡುವುದು ಆ ಕ್ಯಾರೊಟಿಡ್‌ನಿಂದಲೇ. ಕಣ್ಣು ಮತ್ತೆ ಕಾಣುತ್ತಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎಡ ಪಿಸಿಎ ಒಂದು ವಿಚಿತ್ರವನ್ನೂ ಮಾಡುತ್ತದೆ. ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. 1892ರಲ್ಲಿ ಫ್ರಾನ್ಸ್‌ನ ಡೆಜೆರೀನ್ ಇಂಥ ಒಬ್ಬ ರೋಗಿಯನ್ನು ವಿವರಿಸಿದ್ದರು. ಅಕ್ಷರ ಕಾಣುತ್ತದೆ, ಗೆರೆಗಳು ಕಾಣುತ್ತವೆ, ಅದು 'ಕ'ನೋ 'ತ'ನೋ ಹೊಳೆಯುವುದಿಲ್ಲ. ಕಾಗದದ ಮೇಲೆ ತನ್ನ ಹೆಸರು, ಊರು ಸರಿಯಾಗಿ ಬರೆಯುತ್ತಾರೆ. ಐದು ನಿಮಿಷ ಬಿಟ್ಟು ಅದೇ ಕಾಗದ ಕೊಟ್ಟರೆ ತಾವೇ ಬರೆದದ್ದನ್ನು ಓದಲಾರರು. ಎಡ ಮೆದುಳಿನ ನೋಟದ ಭಾಗ ಹೋಗಿದೆ. ಬಲ ಮೆದುಳು ನೋಡಿದ್ದನ್ನು ಎಡದ ಭಾಷೆಯ ಜಾಗಕ್ಕೆ ದಾಟಿಸುವ ಸೇತುವೆಯ ಹಿಂಭಾಗವೂ ಹೋಗಿದೆ. ಹಾಗಾಗಿ ಕಂಡದ್ದು ಭಾಷೆಯನ್ನು ತಲುಪುವುದಿಲ್ಲ. ದಿನಾ ಪೇಪರ್ ಓದುವವರು ಒಂದು ದಿನ ಪೇಪರ್ ಹಿಡಿದು ತಿರುಗಿಸಿ ಮುರುಗಿಸಿ ಕೆಳಗಿಟ್ಟರೆ ಕನ್ನಡಕ ಒರೆಸಿಕೊಟ್ಟು ಸುಮ್ಮನಾಗಬೇಡಿ.

ಪಿಸಿಎಯ ಸಣ್ಣ ಕವಲುಗಳು ಥಲಾಮಸ್‌ಗೂ, ಅಂದರೆ ಮೈಯ ಸ್ಪರ್ಶದ ಸುದ್ದಿ ಹಾದುಹೋಗುವ ಮೆದುಳಿನ ಆಳದ ಭಾಗಕ್ಕೂ, ಹೋಗುತ್ತವೆ. ಅಲ್ಲಿ ಏಟು ಬಿದ್ದರೆ ದೇಹದ ಒಂದು ಅರ್ಧ, ಮುಖದಿಂದ ಪಾದದವರೆಗೆ, ಜೋಮು. ಕೆಲವರಿಗೆ ತಿಂಗಳುಗಳ ನಂತರ ಅದೇ ಜಾಗದಲ್ಲಿ ಉರಿಯುವ ನೋವು ಶುರುವಾಗುತ್ತದೆ, ಬಟ್ಟೆ ತಾಗಿದರೂ ತಡೆಯಲಾರದಷ್ಟು. ಅದು ಮನಸ್ಸಿನ ಕಲ್ಪನೆ ಅಲ್ಲ, ಅದಕ್ಕೆ ಬೇರೆಯೇ ಔಷಧಗಳಿವೆ.

ಹಿಂದಿನ ನಾಳಗಳು: ತುಂಬಾ ತಪ್ಪುವುದು ಇಲ್ಲೇ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ವರ್ಟಿಬ್ರಲ್, ಬೇಸಿಲರ್ ಮತ್ತು ಅವುಗಳ ಕವಲುಗಳು ಮೆದುಳುಕಾಂಡ ಮತ್ತು ಕಿರುಮೆದುಳಿಗೆ ರಕ್ತ ಕೊಡುತ್ತವೆ. ಉಸಿರು, ನುಂಗುವುದು, ಕಣ್ಣಿನ ಚಲನೆ, ಸಮತೋಲ, ಎಚ್ಚರ, ಎಲ್ಲ ಅಂಗೈಯಗಲಕ್ಕಿಂತ ಕಡಿಮೆ ಜಾಗದಲ್ಲಿ ಒತ್ತೊತ್ತಾಗಿವೆ. ಮುಖ, ಕೈ, ಮಾತು ಮೂರನ್ನೇ ನೋಡುವ ಪರೀಕ್ಷೆಯಲ್ಲಿ ಇವು ಜಾರಿಹೋಗುತ್ತವೆ. ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಷ್ಟು ದೊಡ್ಡದು ಅಂತ ಅಂಕ ಹಾಕುವ ಪಟ್ಟಿ ಕೂಡ ಈ ಹಿಂದಿನ ಲಕ್ಷಣಗಳಿಗೆ ಕಡಿಮೆ ಅಂಕ ಕೊಡುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ಈ ಜಾಗ ಚೆನ್ನಾಗಿ ಕಾಣುವುದಿಲ್ಲ. ಮೊದಲ ಒಂದೆರಡು ದಿನ ಎಂಆರ್‌ಐ ಕೂಡ ಕೆಲವೊಮ್ಮೆ ಸರಿ ಇದೆ ಅಂತಲೇ ತೋರಿಸಬಹುದು.

ಹಾಗಾದರೆ ಹೇಗೆ ಹಿಡಿಯುವುದು? ತಲೆಸುತ್ತು ಒಂದೇ ಇದ್ದರೆ ಹೆಚ್ಚಿನ ಸಲ ಕಿವಿಯ ತೊಂದರೆ. ಆದರೆ ಅದರ ಜೊತೆ ಇವುಗಳಲ್ಲಿ ಒಂದಾದರೂ ಇದೆಯಾ ನೋಡಿ: ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖ ಅಥವಾ ಮೈ ಜೋಮು, ಏಕಾಏಕಿ ಒಂದು ಕಿವಿ ಕೇಳದಿರುವುದು. ಇನ್ನೊಂದು ಮುಖ್ಯ ಪರೀಕ್ಷೆ ನಿಲ್ಲಿಸುವುದು. ಇಬ್ಬರು ಎರಡೂ ಕಡೆ ಹಿಡಿದುಕೊಂಡು ಮೆಲ್ಲಗೆ ಎಬ್ಬಿಸಿ. ಕಿವಿಯ ತಲೆಸುತ್ತು ಇರುವವರು ಓಲಾಡಿದರೂ ಸಾಮಾನ್ಯವಾಗಿ ಗೋಡೆ ಹಿಡಿದಾದರೂ ನಿಲ್ಲುತ್ತಾರೆ. ಕಿರುಮೆದುಳಿನ ಸ್ಟ್ರೋಕ್ ಆದವರು ಹಾಸಿಗೆಯಲ್ಲಿ ಕೈಕಾಲು ಜೋರಾಗಿ ಆಡಿಸುತ್ತಾರೆ, ಆದರೆ ನಿಲ್ಲಲು ಆಗುವುದೇ ಇಲ್ಲ, ಕೆಲವರಿಗೆ ಆಸರೆ ಇಲ್ಲದೆ ಕೂರಲೂ ಆಗುವುದಿಲ್ಲ. ಬಲ ಇದೆ, ನಿಲ್ಲಲು ಆಗುತ್ತಿಲ್ಲ. ಇದು ಅಪಾಯದ ಗುರುತು. ಕಿರುಮೆದುಳು ಇರುವ ಜಾಗ ಇಕ್ಕಟ್ಟು. ಮುಂದಿನ ಎರಡು ಮೂರು ದಿನಗಳಲ್ಲಿ ಅದು ಊದಿಕೊಂಡು ಮೆದುಳುಕಾಂಡವನ್ನು ಒತ್ತಬಹುದು, ಮಾತಾಡಿಕೊಂಡಿದ್ದವರು ಹಾಗೇ ಮಂಪರಿಗೆ ಜಾರಬಹುದು.

ವರ್ಟಿಬ್ರಲ್ ಅಥವಾ ಅದರ ಒಂದು ಕವಲು ಕಟ್ಟಿದಾಗ ಬರುವ ಲಕ್ಷಣಗಳ ಗುಂಪಿಗೆ ವಾಲೆನ್‌ಬರ್ಗ್ ಸಿಂಡ್ರೋಮ್ ಅಂತ ಹೆಸರು. ಜರ್ಮನಿಯ ಅಡಾಲ್ಫ್ ವಾಲೆನ್‌ಬರ್ಗ್ 1895ರಲ್ಲಿ ವಿವರಿಸಿದ್ದು. ಇದರ ವಿಶೇಷ ಏನೆಂದರೆ ಕೈಕಾಲು ಬೀಳುವುದಿಲ್ಲ. ತಲೆಸುತ್ತು, ವಾಂತಿ, ಧ್ವನಿ ಗೊಗ್ಗರು, ನೀರು ಕುಡಿದರೆ ಮೂಗಿಗೆ ಬರುವುದು ಅಥವಾ ಕೆಮ್ಮು, ನಿಲ್ಲದ ಬಿಕ್ಕಳಿಕೆ. ಮುಖದ ಒಂದು ಕಡೆ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ, ಮೈಯಲ್ಲಿ ಅದಕ್ಕೆ ಎದುರು ಕಡೆ ಗೊತ್ತಾಗುವುದಿಲ್ಲ. ಸ್ನಾನಕ್ಕೆ ಹೋದವರು ಬಿಸಿನೀರು ಒಂದು ಕಾಲಿಗೆ ಮಾತ್ರ ಬಿಸಿ ಅನಿಸುತ್ತಿದೆ ಅನ್ನಬಹುದು. ಮುಖ ಒಂದು ಕಡೆ, ಮೈ ಇನ್ನೊಂದು ಕಡೆ, ಈ ಅಡ್ಡಾದಿಡ್ಡಿ ಲಕ್ಷಣ ಕಂಡರೆ ತೊಂದರೆ ಮೆದುಳುಕಾಂಡದಲ್ಲಿ. ಮುಖದ ನರಗಳು ಅಲ್ಲೇ ತಮ್ಮ ಕಡೆಗೇ ಹೊರಬೀಳುತ್ತವೆ, ಮೈಯ ತಂತುಗಳು ಮಾತ್ರ ಎದುರು ಕಡೆಯವು, ಅದಕ್ಕೆ ಹೀಗೆ. ಒಂದು ಕಣ್ಣಿನ ರೆಪ್ಪೆ ಪೂರ್ತಿ ಬಿದ್ದು ಎದುರು ಕಡೆಯ ಕೈಕಾಲು ಸೋತಿದ್ದರೂ ಅದೇ ಲೆಕ್ಕ, ಅಲ್ಲಿ ಏಟು ಮೆದುಳುಕಾಂಡದ ಮೇಲ್ಭಾಗಕ್ಕೆ.

ಬೇಸಿಲರ್ ಪೂರ್ತಿ ಕಟ್ಟುವುದು ಎಲ್ಲದಕ್ಕಿಂತ ಭೀಕರ. ಕೆಲವು ಗಂಟೆ, ಕೆಲವು ದಿನ ಬಂದು ಹೋಗುವ ತಲೆಸುತ್ತು, ಎರಡೆರಡಾಗಿ ಕಾಣುವುದು, ತೊದಲು, ಆಮೇಲೆ ಎರಡೂ ಕಡೆಯ ಕೈಕಾಲು ಬೀಳುವುದು, ಪ್ರಜ್ಞೆ ತಪ್ಪುವುದು. ಕೆಲವರಲ್ಲಿ ಪ್ರಜ್ಞೆ ಪೂರ್ತಿ ಇದ್ದು, ಕೈಕಾಲು, ಮುಖ, ಬಾಯಿ ಎಲ್ಲ ನಿಂತು, ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಬಡಿಯುವುದು ಮಾತ್ರ ಉಳಿಯುತ್ತದೆ. ಕೋಮಾ ಅಂದುಕೊಂಡವರ ಕಿವಿಯ ಹತ್ತಿರ ಹೋಗಿ 'ಕೇಳಿಸುತ್ತಿದ್ದರೆ ಮೇಲೆ ನೋಡಿ' ಅಂತ ಒಮ್ಮೆ ಹೇಳಿ ನೋಡಬೇಕು. ನನ್ನ ಪ್ರಕಾರ ಯಾವ ಐಸಿಯುನಲ್ಲೂ ಇದನ್ನು ಮರೆಯಬಾರದು.

ಆಳದ ಸಣ್ಣ ನಾಳಗಳು

ದೊಡ್ಡ ನಾಳಗಳಿಂದ ಕೂದಲಿನಷ್ಟು ಸಣ್ಣ ಕವಲುಗಳು ನೇರ ಮೆದುಳಿನ ಆಳಕ್ಕೆ ಇಳಿಯುತ್ತವೆ. ವರ್ಷಗಟ್ಟಲೆ ಹಿಡಿತಕ್ಕೆ ಬಾರದ ಬಿಪಿ, ಶುಗರ್ ಇವುಗಳ ಗೋಡೆ ದಪ್ಪ ಮಾಡಿ ಮುಚ್ಚುತ್ತವೆ. ಹಾಳಾಗುವ ಜಾಗ ಒಂದೂವರೆ ಸೆಂಟಿಮೀಟರ್ ಒಳಗೆ. ಆದರೆ ಅಷ್ಟು ಚಿಕ್ಕ ಜಾಗದಲ್ಲೇ ಇಡೀ ಅರ್ಧ ದೇಹದ ತಂತುಗಳು ಒಟ್ಟಾಗಿ ಇಳಿಯುತ್ತಿದ್ದರೆ ಮುಖ, ಕೈ, ಕಾಲು ಮೂರೂ ಒಂದೇ ಮಟ್ಟಕ್ಕೆ ಬೀಳುತ್ತವೆ. ಭಾಷೆ ಸರಿ, ನೋಟ ಸರಿ, ಗಮನ ಸರಿ, ಬರೀ ಬಲ ಇಲ್ಲ. ಅಥವಾ ಬರೀ ಜೋಮು. ಅಥವಾ ಮಾತು ತೊದಲು ಮತ್ತು ಒಂದು ಕೈ ಒರಟು, ಶರ್ಟಿನ ಗುಂಡಿ ಹಾಕಲು ಆಗುತ್ತಿಲ್ಲ. 'ಸಣ್ಣ ಸ್ಟ್ರೋಕ್' ಅಂತ ಇದನ್ನು ಹಗುರ ಮಾಡುತ್ತಾರೆ. ಇವು ಒಂದರ ಮೇಲೊಂದು ಸೇರಿದರೆ ನಡಿಗೆ ಚಿಕ್ಕಚಿಕ್ಕ ಹೆಜ್ಜೆಯಾಗುತ್ತದೆ, ಮರೆವು ಬರುತ್ತದೆ.

ನಾಳ ಕಟ್ಟದೆಯೂ ಹೀಗಾಗಬಹುದು

ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆ ಭಾಗದ ರೈತರ ಗದ್ದೆ ಅಲ್ವಾ? ಮೆದುಳಿನಲ್ಲೂ ಎಸಿಎ ಮುಗಿದು ಎಂಸಿಎ ಶುರುವಾಗುವ ಗಡಿಯಲ್ಲಿ ಇಂಥ ಜಾಗಗಳಿವೆ. ಹೃದಯ ನಿಂತು ಮತ್ತೆ ಶುರುವಾದಾಗ, ರಕ್ತಸ್ರಾವದಿಂದ ಬಿಪಿ ಕುಸಿದಾಗ ಈ ಗಡಿ ಕೆಡುತ್ತದೆ. ಕುತ್ತಿಗೆಯ ನಾಳ ಮೊದಲೇ ಕಿರಿದಾಗಿದ್ದವರಿಗೆ ಇದು ಇನ್ನೂ ಬೇಗ. ಗಡಿ ಬೀಳುವುದು ನಕ್ಷೆಯಲ್ಲಿ ಭುಜ ಮತ್ತು ತೊಡೆಯ ಜಾಗದಲ್ಲಿ. ಹಾಗಾಗಿ ಬೆರಳು ಆಡುತ್ತವೆ, ಭುಜದಿಂದ ಕೈ ಎತ್ತಲು ಆಗುವುದಿಲ್ಲ. ಸ್ಟ್ರೋಕ್ ಆದವರಿಗೆ ಮನೆಯಲ್ಲಿ ಬಿಪಿ ಮಾತ್ರೆ ಜಾಸ್ತಿ ಕೊಟ್ಟು ಬಿಪಿ ಇಳಿಸಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಬಾಣಂತಿಯರ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಅವರಲ್ಲಿ ರಕ್ತ ತರುವ ನಾಳ ಅಲ್ಲ, ರಕ್ತ ಹೊರಗೆ ಒಯ್ಯುವ ಅಭಿಧಮನಿ ಕಟ್ಟಬಹುದು. ದಿನಗಟ್ಟಲೆ ಏರುವ ತಲೆನೋವು, ವಾಂತಿ, ಫಿಟ್ಸ್, ಆಮೇಲೆ ಕೈಕಾಲು ಸೋಲುವುದು. ಹೆರಿಗೆಯಾದವರಿಗೆ ನೀರು ಕೊಡಬಾರದು ಅನ್ನುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಅದನ್ನು ನಿಲ್ಲಿಸಿ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ.

ಈಗ ಕೈಯಲ್ಲಿ ಏನು ಮಾಡಬೇಕು

ಲಕ್ಷಣ ನೋಡಿ ನಾಳ ಊಹಿಸಬಹುದು, ಆದರೆ ನಾಳ ಕಟ್ಟಿದೆಯೋ ಒಡೆದಿದೆಯೋ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ಒಡೆದು ರಕ್ತಸ್ರಾವವಾದರೂ ಇವೇ ಲಕ್ಷಣ. ಅದಕ್ಕೇ ಸ್ಕ್ಯಾನ್ ಆಗುವ ಮುಂಚೆ ಆಸ್ಪಿರಿನ್ ಕೊಡಬಾರದು. ನೀರು, ಕಾಫಿ, ಮಾತ್ರೆ, ಕಷಾಯ ಯಾವುದೂ ಬಾಯಿಗೆ ಬೇಡ, ನುಂಗುವುದು ಕೆಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಪಾರಿವಾಳದ ರಕ್ತ ಹಚ್ಚುವುದು, ಲಕ್ವದ ಎಣ್ಣೆ ತಿಕ್ಕುವುದು, ಇದಕ್ಕೆ ಒಂದು ನಿಮಿಷವೂ ಕೊಡಬೇಡಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಒಮ್ಮೆ ನೋಡಿ ಅಂಕಿ ಬರೆದುಕೊಳ್ಳಿ, ಶುಗರ್ ತುಂಬಾ ಇಳಿದರೂ ಲಕ್ವದ ಹಾಗೇ ಕಾಣಬಹುದು. ಮಂಪರು ಅಥವಾ ವಾಂತಿ ಇದ್ದರೆ ಒಂದು ಮಗ್ಗುಲಿಗೆ ಮಲಗಿಸಿ. 108ರವರಿಗೆ 'ಸ್ಟ್ರೋಕ್ ಇರಬಹುದು, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಬೇಕು' ಅಂತ ಬಾಯಿಬಿಟ್ಟು ಹೇಳಿ. ಸ್ಕ್ಯಾನ್ ಇಲ್ಲದ ಕಡೆ ಹೋಗಿ ಡ್ರಿಪ್ ಹಾಕಿಸಿಕೊಂಡು ಕೂತರೆ ಔಷಧದ ಸಮಯ ಅಲ್ಲೇ ಮುಗಿಯುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ದೊಡ್ಡ ನಾಳದ ಹೆಪ್ಪು ಎಳೆದು ತೆಗೆಯುವುದು ಸಾಮಾನ್ಯವಾಗಿ ಆರು ಗಂಟೆಯೊಳಗೆ, ಸ್ಕ್ಯಾನ್‌ನಲ್ಲಿ ಉಳಿಸಬಹುದಾದ ಮೆದುಳು ಕಂಡರೆ 24 ಗಂಟೆಯವರೆಗೂ. ಇದರಲ್ಲಿ ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಅದೇ ದಿನ ಹೋಗಬೇಕು. ಹೆಪ್ಪು ಬಂದು ಕರಗಿಹೋಗಿದೆ, ಹೆಪ್ಪು ಕಳಿಸಿದ ಜಾಗ ಹಾಗೇ ಇದೆ. ಅದರ ನಂತರದ ಎರಡು ದಿನಗಳಲ್ಲೇ ದೊಡ್ಡದು ಬರುವ ಅಪಾಯ ಎಲ್ಲಕ್ಕಿಂತ ಹೆಚ್ಚು.

ಕ್ಯಾಶುಯಲ್ಟಿಯಲ್ಲಿ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ 'ಯಾವಾಗ ಶುರುವಾಯಿತು' ಅಂತ. ಅವರಿಗೆ ನಿಜಕ್ಕೂ ಬೇಕಾದ್ದು ಕೊನೆಯ ಸಲ ಪೂರ್ತಿ ಚೆನ್ನಾಗಿದ್ದ ಹೊತ್ತು. ನೀವು ನೋಡಿದ ಹೊತ್ತು ಅಲ್ಲ. ಆಂಬ್ಯುಲೆನ್ಸ್‌ನಲ್ಲಿ ಕೂತು ಫೋನಿನಲ್ಲೇ ಹೀಗೆ ಬರೆದುಕೊಳ್ಳಿ:

'ರಾತ್ರಿ 9.30ಕ್ಕೆ ಊಟ ಮಾಡುವಾಗ ಚೆನ್ನಾಗಿದ್ದರು. ಬೆಳಗ್ಗೆ 5.45ಕ್ಕೆ ಎದ್ದಾಗ ಬಲಗೈ ಏಳುತ್ತಿಲ್ಲ, ಬಲ ಬಾಯಿ ಸೊಟ್ಟ, ಕಾಲು ಸ್ವಲ್ಪ ಆಡುತ್ತದೆ. ಮಾತು ಇಲ್ಲ, ಹೇಳಿದ್ದು ಅರ್ಥವಾಗುತ್ತದೆ. ಕಣ್ಣು ಎಡಕ್ಕೇ ನೋಡುತ್ತಿವೆ. ಶುಗರ್ 160. ಹೃದಯದ ಕವಾಟಕ್ಕೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ, ಕೊನೆಯದು ನಿನ್ನೆ ರಾತ್ರಿ.'

ಇಷ್ಟು ಓದಿದ ನ್ಯೂರಾಲಜಿಸ್ಟ್‌ಗೆ ಎಡ ಎಂಸಿಎ, ಬಹುಶಃ ಅದರ ಮೇಲಿನ ಕವಲು, ಹೆಪ್ಪು ಬಂದದ್ದು ಹೃದಯದಿಂದ ಇರಬಹುದು ಅಂತ ಹೊಳೆಯುತ್ತದೆ. ರಕ್ತ ತೆಳುವಾಗುವ ಮಾತ್ರೆ ಇರುವುದರಿಂದ ಇಂಜೆಕ್ಷನ್ ಕೊಡಬಹುದೋ ಇಲ್ಲವೋ ಅಂತ ರಕ್ತ ಪರೀಕ್ಷೆಗೆ ಹೇಳುತ್ತಾರೆ. ನಿದ್ದೆಯಲ್ಲಿ ಆದದ್ದು, ಇನ್ನೇನೂ ಮಾಡಲಾಗದು ಅಂತ ಬಿಡದೆ ನಾಳಗಳ ಸ್ಕ್ಯಾನ್ ಮಾಡಿಸಿ ಹೆಪ್ಪು ತೆಗೆಯಬಹುದಾ ಅಂತ ನೋಡುತ್ತಾರೆ. ಮಾತ್ರೆಗಳ ಚೀಟಿ, ಹಳೆಯ ಇಸಿಜಿ, ಎಕೋ ರಿಪೋರ್ಟ್ ಕೈಗೆ ಸಿಕ್ಕಿದರೆ ತೆಗೆದುಕೊಂಡು ಹೋಗಿ. ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಮನೆಯಲ್ಲಿ ಉಳಿದವರು ಫೋಟೋ ತೆಗೆದು ಕಳಿಸಲಿ.